ಯಾರನ್ನ ಕೇಳೂದು

ವಾಸ್ಕೋದಾಗ, ಮೀನು ಪ್ಯಾಟಿ ಹಿಂದ, ಮೂರನೇ ಮಾಳಿಗಿ.
ಕಾಯ್ತಾನ್ ಬಾಬನ ಕೇಬಲ್ ಆಫೀಸು.
ನಾಲ್ಕು ಸಾವಿರದ ಇನ್ನೂರು ಮನಿಗೆ ನೆಟ್ಟು ಇಲ್ಲಿಂದ.
ಎಸಿ ಯಂತ್ರಗಳಿಗೆ. ನನಗ ಒಂದು ಟೇಬಲ್ ಫ್ಯಾನು.

ರಾತ್ರಿ ಹನ್ನೊಂದಕ್ಕ ಬೋಗದಾ ಕಡೆಯಿಂದ ಫೋನು:
"ಲೈಟು ಎಲ್ಲಾ ಹಸರದಾವ, ಒಂದೂ ತೆರೀವಲ್ದು."
ಅಂದ್ರ, ರಸ್ತೆ ಚಲೋ ಐತಿ.
ದಾರಿ ಹೇಳಾಂವ ಸತ್ತಾನ.

ಮಂದಿಗೆ ಇದು ಗೊತ್ತಿರೂದಿಲ್ಲ:
ಅವರು ಬರಿಯೂದು ಹೆಸರು,
ತಂತಿಗೆ ತಿಳಿಯೂದು ಅಂಕಿ.
ನಡುವ ಒಬ್ಬಾಂವ ಕುಂತಿರತಾನ, ಹೆಸರು ಕೇಳಿ ಅಂಕಿ ಹೇಳಾಂವ,
ಡಿಎನ್ಎಸ್ ಅಂತಾರ ಅವಗ.
ಅಂವ ಸುಮ್ಮನಾಗೂತನಕ ಯಾರೂ ಅವನ್ನ ನೆನಸೂದಿಲ್ಲ.

ಬಾಬ್ ಮೊನ್ನೆ ಅಂದಿದ್ದ,
"ಪ್ರತಿ ಸಲ ನಿದ್ದಿಗಣ್ಣಾಗ ಎದ್ದು ಬದಲಿ ಮಾಡ್ತಿ.
ತಾನ ನೋಡಿ ತಾನ ಆರಿಸ್ಕೊಳ್ಳೂ ಹಂಗ ಒಂದು ಬರಿಯಲ್ಲ."
ಇವತ್ತ ಕುಂತೆ.

ಏಳು ಮಂದಿಗೆ ಒಂದೇ ಪ್ರಶ್ನೆ, ಒಮ್ಮೆಲೇ ಒಗಿ.
ಯಾರು ಮೊದಲು ಹೊಳ್ಳಿ ಮಾತಾಡತಾರ, ಗಡಿಯಾರ ಹಿಡಿ.
ಮುಂಬೈದಾಂವ ಹನ್ನೆರಡು ಮಿಲಿಸೆಕೆಂಡು.
ನಮ್ಮ ಮ್ಯಾಲಿನ ಕಂಪನಿಯಾಂವ ಒಂಬತ್ತು, ಒಮ್ಮೊಮ್ಮೆ ನಾನೂರು,
ಅವಗ ಮೈಯಾಗ ಆರಾಮಿಲ್ಲ.
ಸಿಂಗಾಪುರದಾಂವ ಅರವತ್ತು, ಆದ್ರ ಎಂದೂ ತಪ್ಪಿಸಿಲ್ಲ.
ಎರಡು ಸೆಕೆಂಡು ಕಾಯಿ, ಉತ್ತರ ಬರಲಿಲ್ಲಂದ್ರ ಮುಂದ ನಡಿ.
ಹತ್ತು ನಿಮಿಷಕ್ಕೊಮ್ಮೆ ಮತ್ತ ಎಲ್ಲಾರನ್ನೂ ಕೇಳು,
ಬಿದ್ದಾಂವ ಎದ್ದಿರಬಹುದು.
ಹೇಳಿದ ಪತ್ತೆಕ್ಕೂ ಆಯುಷ್ಯ ಐತಿ, ಮುನ್ನೂರು ಸೆಕೆಂಡು.

ಗೆದ್ದಾಂವ ಐದು ಮಿಲಿಸೆಕೆಂಡಿನಾಂವ.
ಯಾರಂವ? ಪಟ್ಟಿಯೊಳಗ ನಾನ ಸೇರಿಸಿದ್ದೆ, ಎಲ್ಲಿಂದಂತ ನೆನಪಿಲ್ಲ.
ಇಷ್ಟು ಲಗೂ ದಾರಿ ಹೇಳೂ ಮಂದಿ ಕಂಡ್ರ
ನನಗ ಕಿಸೆ ಮುಟ್ಟಿ ನೋಡಿಕೊಳ್ಳೂ ಚಟ.

ಹದಿನಾರರಾಗ ಇಲ್ಲಿ ರೈಲು ಇಳದಾಗ
ಅದೇ ಕಿಸೆದಾಗ ಒಂದು ಚೀಟಿ:
ಹುಲಿಗೆವ್ವ, ಬಾಯಣಾ. ಅಷ್ಟ.
ನನ್ನ ಚಿಗವ್ವ.
ಸ್ಟೇಶನ್ ಹೊರಗ ಬಾಯಿ ತೆರಿಯೂದರಾಗ ಒಬ್ಬ
"ಗೊತ್ತೈತಿ, ಬಾ" ಅಂದ,
ಲಾಡ್ಜಿನ ಮೆಟ್ಟಲಕ್ಕ ತಂದು ನಿಲ್ಲಿಸಿದ,
ಕೌಂಟರಿನವನ ಕಡೆ ಇಪ್ಪತ್ತು ರೂಪಾಯಿ ಇಸಗೊಂಡು ಹೋದ.
ಎರಡನೇದಾಂವ ನನ್ನ ಮಾರಿ ನೋಡಿ ಬೀಡಿ ಹಚ್ಚಿದ.
ಮೀನಿನಾಕಿ ಫುಲೋರಿನ್ ಬಾಯಿ ಬಂಗಡಿ ಎಣಿಸಿದ್ಲು,
ಗಿರಾಕಿ ಜೋಡಿ ಜಗಳಾಡಿದ್ಲು, ಕೈ ತೊಳಕೊಂಡ್ಲು,
ಆಮ್ಯಾಲೆ ಹೆಸರು ಮತ್ತೊಮ್ಮೆ ಹೇಳಿಸಿದ್ಲು.
"ಬಾಯಣಾದಾಗಿಲ್ಲ ಆಕಿ. ಆ ಸಾಲು ಕೆಡವ್ಯಾರ.
ಝುವಾರಿ ನಗರ, ನೀರಿನ ಟಾಕಿ ಹಿಂದ ಕೇಳು."
ಹರಕ ಕನ್ನಡ, ಖರೆ ಪತ್ತೆ.

ಅದಕ್ಕ ಪ್ರೋಗ್ರಾಮಿಗೆ ಒಂದು ಸಾಲು ಕೂಡಿಸಿದೆ:
ಮೊದಲು, ಎಲ್ಲೂ ಇಲ್ಲದ ಹೆಸರು ಕೇಳು.
"ಇಲ್ಲ" ಅಂದಾಂವ ನಂಬಿಗಸ್ತ.
ಇಲ್ಲದ್ದಕ್ಕ ಪತ್ತೆ ಕೊಟ್ಟಾಂವ ಲಾಡ್ಜಿನ ಮನಶ್ಯಾ.

ಇಲ್ಲದ ಹೆಸರು ಒಂದು ಬೇಕಲ್ಲ.
ಬೆರಳು ತಾವ ಒತ್ತಿದವು:
ಹುಲಿಗೆವ್ವ, ಚುಕ್ಕಿ, ಬಾಯಣಾ.
ಎಂಟು ವರ್ಷಾತು ಆಕಿ ಹೋಗಿ.

ಮುಂಬೈ: ಇಲ್ಲ.
ಸಿಂಗಾಪುರ: ಇಲ್ಲ.
ಆರಾಮಿಲ್ಲದಾಂವ, ಮುನ್ನೂರ ತೊಂಬತ್ತಕ್ಕ ಎದ್ದು ಕುಂತು: ಇಲ್ಲ.
ಉಳಿದ ಮೂವರದೂ ಅದ ಮಾತು.
ಐದು ಮಿಲಿಸೆಕೆಂಡಿನಾಂವ ಒಬ್ಬನ: ಅದಾಳ.
ನಾಲ್ಕು ಅಂಕಿ ಕೊಟ್ಟ, ನಡುನಡುವ ಮೂರು ಚುಕ್ಕಿ.

ಇಂಥಾವನ್ನ ಪಟ್ಟಿಯಿಂದ ತೆಗೀಬೇಕು,
ನಾನ ಬರದ ಕಾನೂನು.
ತೆಗಿಯೂಕಿಂತ ಮೊದಲು ಆ ಅಂಕಿ ಒತ್ತಿದೆ.
ತೆರೀತು:
ಬಾಯಣಾದಾಗ ಖೋಲಿ ಬಾಡಿಗಿಗೆ ಅದಾವ, ಸಮುದ್ರದ ಕಡೆ ಕಿಟಕಿ,
ಬಿಳಿ ಹಾಸಿಗಿ, ತಾಟಿನಾಗ ಹೆಚ್ಚಿದ ಪಪ್ಪಾಯಿ.
ಆಕಿ ಒಲಿ ಹೂಡಿದ್ದ ಜಾಗಾ ಇರಬಹುದು.
ಇರಲಿಕ್ಕಿಲ್ಲ.

ಅಳಿಸಿದೆ.

ಫೋನು ಮತ್ತ ಬಡಕೊಂತು, ಬೋಗದಾ:
"ಬಂತ್ರೀ, ಬಂತು, ಎಲ್ಲಾ ತೆರದಾವ."
ಕೆಳಗ ಪ್ಯಾಟಿಯಾಗ ಬರ್ಫದ ಟೆಂಪೋ
ಕೂಗಿಕೊಂತ ಹಿಂದ ಸರಿಯಾಕತ್ತಿತ್ತು.